ರೋಗದ ಸಾಲು

ನಮ್ಮ ಅತ್ತೆಗೆ ಹೊಲದಲ್ಲಿ ಕಾಯಿಲೆ ಬಿದ್ದ ಒಂದು ಪೈರು ಕಂಡರೂ ಸೈರಣೆ ಇಲ್ಲ. ಕಿತ್ತು ಬದುವಿನಾಚೆ ಎಸೆದರೇ ಅವರಿಗೆ ಸಮಾಧಾನ. ಅಂಥವರ ಹೊಲದಲ್ಲಿ ಬೇಕೆಂದೇ ರೋಗ ಬೆಳೆಸುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ನಾನಿರುವುದು ದೊಡ್ಡಬಳ್ಳಾಪುರದ ಪಕ್ಕದ ಹಳ್ಳಿಯಲ್ಲಿ, ಕೆಲಸ ರಾಗಿ ತಳಿಗಳನ್ನು ಪರೀಕ್ಷಿಸುವ ಒಂದು ಕೇಂದ್ರದಲ್ಲಿ. ಗೋಧಿ ಸೀಮೆಯವರಿಗೆ ತುಕ್ಕು ರೋಗದ ಭಯ ಹೇಗೋ, ನಮಗೆ ಬೆಂಕಿ ರೋಗದ್ದು. ಎರಡೂ ಬೂಷ್ಟಿನಿಂದ ಬರುವಂಥವು, ಗಾಳಿಯಲ್ಲಿ ಹಾರಿ ಹರಡುವಂಥವು. ಬೆಂಕಿ ರೋಗ ತೆನೆಯ ಕುತ್ತಿಗೆಗೆ ಬಿತ್ತೆಂದರೆ ಕಾಳು ಕಟ್ಟುವುದಿಲ್ಲ, ಎಲ್ಲ ಜಳ್ಳು. ಕೆಲವು ತಳಿಗಳಿಗೆ ಮಾತ್ರ ಇದನ್ನು ತಡೆಯುವ ಗುಣ ಹುಟ್ಟಿನಿಂದಲೇ, ಬೀಜದಲ್ಲೇ ಬಂದಿರುತ್ತದೆ. ಯಾವುದಕ್ಕೆ ಬಂದಿದೆ ಎಂದು ತಿಳಿಯುವ ದಾರಿಯೂ ಗೋಧಿಯವರದ್ದೇ. ರೋಗಕ್ಕೆ ಬೇಗ ಬಗ್ಗುವ ತಳಿಯೊಂದನ್ನು ಹೊಲದ ಸುತ್ತಲೂ ನಡುನಡುವೆಯೂ ಬಿತ್ತಬೇಕು. ಅದಕ್ಕೆ ರೋಗ ಹತ್ತಿ ಪಕ್ಕದ ಸಾಲುಗಳಿಗೆಲ್ಲ ಹಾರಬೇಕು. ಆಗಲೂ ಹಸಿರಾಗಿ ನಿಂತದ್ದು ಗಟ್ಟಿ ತಳಿ. ಬಲಿಪಶುವಾಗುವ ಆ ಸಾಲನ್ನು ನಾವು ರೋಗದ ಸಾಲು ಅನ್ನುತ್ತೇವೆ.

ರೈತರ ಹೊಲದಲ್ಲೂ ಪರೀಕ್ಷೆ ಆಗಬೇಕೆಂದಾಗ ನಾನು ನಮ್ಮ ಹೊಲವನ್ನೇ ಕೇಳಿದೆ. ಅತ್ತೆ ಒಂದು ಷರತ್ತು ಹಾಕಿದರು.

"ನಮ್ಮಮ್ಮನ ರಾಗೀನೂ ಹಾಕ್ಬೇಕು ಕಣಮ್ಮ. ಅದೂ ಒಂದು ಕೈ ನೋಡೇಬಿಡ್ಲಿ."

ಅತ್ತೆ ಮದುವೆಯಾದ ಹೊಸದರಲ್ಲಿ ನೆಲಮಂಗಲದ ಕಡೆಯ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ತಂದ ರಾಗಿ ಅದು. ವರ್ಷವೂ ಒಂದು ಮೂಲೆಯಲ್ಲಿ ಬಿತ್ತಿ ಬೀಜ ಉಳಿಸಿಕೊಂಡಿದ್ದರು. ತವರಿನ ಹೊಲದಲ್ಲಿ ಈಗ ಗೋದಾಮು ಎದ್ದಿದೆ. ನಮಗೆ ತಿಳಿದಂತೆ ಆ ಬೀಜ ಇವರ ಡಬ್ಬಿ ಬಿಟ್ಟರೆ ಬೇರೆಲ್ಲೂ ಇರಲಿಲ್ಲ. ನನ್ನ ಗಂಡನದು ಮಾತ್ರ ಪ್ರತಿ ಮುಂಗಾರಿಗೂ ಒಂದೇ ರಾಗ: ಸೋನೆ ಹಿಡಿದ ವರ್ಷ ಅದು ಜಳ್ಳಾಗುತ್ತದೆ, ಆ ಮೂಲೆಗೂ ಹೊಸ ತಳಿ ಹಾಕೋಣ. ಪರೀಕ್ಷೆಯಲ್ಲಿ ಗೆದ್ದರೆ ಮಗನ ಬಾಯಿ ಮುಚ್ಚುತ್ತದೆ ಎಂಬುದು ಅತ್ತೆಯ ಲೆಕ್ಕಾಚಾರ. ಸೋತರೆ ಮೂಲೆ ಬಿಟ್ಟುಕೊಡುತ್ತೇನೆ ಎಂದು ಅವರಾಗಿಯೇ ಮಾತು ಕೊಟ್ಟರು.

ಬಾಶೆಟ್ಟಿಹಳ್ಳಿಯ ಕಂಪನಿ ಬಸ್ಸುಗಳು ಊರಿನ ಹರೆಯದ ಹೆಂಗಸರನ್ನೆಲ್ಲ ಹತ್ತಿಸಿಕೊಂಡು ಹೋದಮೇಲೆ ಕಳೆ ಕೀಳಲು ಸಿಗುವವರು ಅತ್ತೆಯ ವಾರಗೆಯವರೇ. ಮೊದಲ ವರ್ಷ ನಾನು ಕೇಂದ್ರದಿಂದ ಬರುವಷ್ಟರಲ್ಲಿ ಅವರೆಲ್ಲ ಸೇರಿ ರೋಗದ ಸಾಲುಗಳನ್ನು ಬುಡಸಮೇತ ಕಿತ್ತು ಹಾಕಿ, ನೆರಳಲ್ಲಿ ಕೂತು ಎಲೆಅಡಿಕೆ ಹಾಕುತ್ತಿದ್ದರು. ನನಗೆ ಮೈಯೆಲ್ಲ ಉರಿದುಹೋಯಿತು.

"ಮುಟ್ಬೇಡಿ ಅಂತ ಅಷ್ಟು ಹೇಳಿರ್ಲಿಲ್ವಾ ಅತ್ತೆ?"

"ನೀನೇನೋ ಹೇಳಿದ್ದೆ. ಎಲೆ ತುಂಬಾ ಚುಕ್ಕೆ ಬಿದ್ಬಿಟ್ಟಿತ್ತು. ಕಣ್ಣಾರೆ ನೋಡ್ಕೊಂಡು ಹೆಂಗಮ್ಮ ಬಿಡಾದು? ಹೋಗೋ ಬರೋರು ಏನಂದ್ಕೊತಾರೆ?"

ಆ ವರ್ಷ ಮಳೆಯೂ ಕಡಿಮೆ. ಎಲ್ಲ ತಳಿಗಳೂ ಚೆನ್ನಾಗಿಯೇ ನಿಂತವು, ಅತ್ತೆಯ ರಾಗಿಯೂ. ಗೆದ್ದೆನೆಂದು ಅವರು ಕೇರಿಗೆಲ್ಲ ಹೇಳಿಕೊಂಡು ಬಂದರು. ರೋಗವೇ ಹರಡದ ಮೇಲೆ ಗೆದ್ದದ್ದೇನು, ಇನ್ನೊಂದು ವರ್ಷ ಬಿತ್ತಬೇಕು ಎಂದು ನಾನು ಹೇಳಿದಾಗ ಮುಖ ಊದಿಸಿಕೊಂಡರು. ಆಮೇಲೊಮ್ಮೆ ಮುದ್ದೆ ಬಡಿಸುತ್ತಾ, "ಹಾಕು. ಈ ಸಲ ಮುಟ್ಟಲ್ಲ," ಎಂದರು.

ಮುಟ್ಟಲಿಲ್ಲ. ರೋಗದ ಸಾಲಿನತ್ತ ಬೆನ್ನು ಮಾಡಿಕೊಂಡೇ ಕಳೆ ಕಿತ್ತರು. ತೆನೆ ಬರುವ ಹೊತ್ತಿಗೆ ಸೋನೆ ಹಿಡಿಯಿತು, ಬೆಂಕಿ ರೋಗ ಹೊಲವೆಲ್ಲ ಹರಡಿತು. ಹೊಸ ತಳಿಗಳಲ್ಲಿ ಕೆಲವು ಏನೂ ಆಗದಂತೆ ನಿಂತವು. ಅತ್ತೆಯ ರಾಗಿಯ ಕುತ್ತಿಗೆ ಕಪ್ಪಾಯಿತು. ರೋಗದ ಸಾಲಿಗಿಂತ ಹೆಚ್ಚಾಗಿ ಅದಕ್ಕೇ ಬಡಿದಿತ್ತು. ಅವರು ಒಂದು ತೆನೆ ಮುರಿದು ಅಂಗೈಯಲ್ಲಿ ಉಜ್ಜಿ ಊದಿದರು. ಕೈಯಲ್ಲಿ ಏನೂ ಉಳಿಯಲಿಲ್ಲ.

"ಸೋತೋಯ್ತು ಬಿಡಮ್ಮ," ಎಂದರು. "ಆ ಮೂಲೆಗೂ ನಿಮ್ಮ ರಾಗೀನೇ ಹಾಕ್ಕೊಳ್ಳಿ."

ಪಕ್ಕದಲ್ಲೇ ಇದ್ದ ಅವರ ಮಗ ಗೆದ್ದವರಂತೆ ಕಾಣಲಿಲ್ಲ. ತಲೆ ತಗ್ಗಿಸಿ ಮನೆ ಕಡೆ ನಡೆದರು.

ಡಬ್ಬಿಯಲ್ಲಿ ಉಳಿದಿದ್ದ ಬೀಜವನ್ನು ಅತ್ತೆ ಹಿಟ್ಟು ಮಾಡಿಸಲೆಂದು ಮೊರಕ್ಕೆ ಸುರಿದುಕೊಂಡಾಗ ನಾನು ತಡೆದೆ. ಇಷ್ಟು ಸಲೀಸಾಗಿ ರೋಗ ಹತ್ತುವ ತಳಿಯೇ ನಮ್ಮ ಕೇಂದ್ರಕ್ಕೆ ಬೇಕಾಗಿತ್ತು. ಅದನ್ನೇ ಹೇಳಿದೆ.

"ಅತ್ತೆ, ಇನ್ಮೇಲೆ ರೋಗದ ಸಾಲಿಗೆ ಇದನ್ನೇ ಹಾಕ್ತೀವಿ. ವರ್ಷಾ ವರ್ಷಾ ಬೇಕಾಗುತ್ತೆ."

ಅವರು ಮೊರ ಎತ್ತಿ ಕೇರತೊಡಗಿದರು. "ಕಾಯಿಲೆ ಬರ್ಸಕ್ಕಾ?"

"ಹೂಂ ಅತ್ತೆ."

"ಬೀಜ ಉಳಿಯುತ್ತಾ?"

"ಬೀಜಕ್ಕೆ ಅಂತ ಬೇರೆ ಕಡೆ ಔಷಧಿ ಹೊಡೆದು ಬೆಳೆಸ್ತೀವಿ. ಉಳಿಯುತ್ತೆ."

ಕೇರಿದ ಬೀಜವನ್ನು ಮತ್ತೆ ಡಬ್ಬಿಗೆ ತುಂಬಿ, ಮುಚ್ಚಳ ಒತ್ತಿ, ನನ್ನ ಕೈಗೆ ಕೊಟ್ಟರು.

ಈ ವರ್ಷ ಕಳೆ ಕೀಳುವಾಗ ನಾನು ಬದುವಿನ ಮೇಲೇ ಕಾವಲಿದ್ದೆ. ವಾರಗೆಯ ಒಬ್ಬಾಕೆ ಚುಕ್ಕೆ ಬಿದ್ದ ಪೈರಿಗೆ ಕೈ ಹಾಕಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ ಆಕೆಯ ಕೈ ಹಿಡಿದಿದ್ದರು.

"ಕೀಳ್ಬೇಡ ಕಣಕ್ಕ. ಅದು ನಮ್ಮಮ್ಮನ ರಾಗಿ."