ಎಡಗೈ ಮಡಿಕೆ

ನಮ್ಮ ಮೇಲಿನ ಮಹಡಿಯ ಕಪಿತೊಲಿನಾ ಅರ್ಕಾದ್ಯೆವ್ನಾ ಯಾರನ್ನೂ ನಂಬುವವರಲ್ಲ. ಅಂಗಡಿಯ ಬ್ರೆಡ್ಡನ್ನೂ ಒತ್ತಿ ನೋಡಿಯೇ ಕೊಳ್ಳುತ್ತಾರೆ. ಎಂಬತ್ತನಾಲ್ಕು ವಯಸ್ಸು. ನನಗೂ ಇತಿಹಾಸ ಕಲಿಸಿದವರು. ಅಂಥವರು, ತಮ್ಮಪ್ಪನ ಒಂದೇ ಒಂದು ಕಾಗದವನ್ನು ಶಾಲೆಯ ಮ್ಯೂಸಿಯಮ್ಮಿಗೆ ಕೊಟ್ಟು ಕೂತಿದ್ದರು!

1942ರಲ್ಲಿ ಯುದ್ಧಭೂಮಿಯಿಂದ ಬಂದ ಕಾಗದ ಅದು. ಆಗ ಲಕೋಟೆ ಎಲ್ಲಿಯದು? ಹಾಳೆಯನ್ನೇ ತ್ರಿಕೋನವಾಗಿ ಮಡಿಸಿ ಕಳಿಸುತ್ತಿದ್ದರು. ಅಪ್ಪ ಅರ್ಕಾದಿ ಎಡಚ, ಎಡಗಡೆಯಿಂದ ಮಡಿಸಿದ್ದ. 'ಬೂಟು ಕೊಟ್ಟಿಲ್ಲ, ಕಾಲಿಗೆ ಗೋಣಿ ಸುತ್ತಿಕೊಂಡಿದ್ದೇನೆ, ನನ್ನ ಹಳೆಯದನ್ನೇ ಕಳಿಸು' ಎಂದು ಹೆಂಡತಿಗೆ ಬರೆದಿದ್ದ. ಅಂದಿನ ಸೆನ್ಸಾರಿನವನು ಊರಿನ ಹೆಸರಿಗೆ ಮಸಿ ಬಳಿದಿದ್ದರೂ ಆ ಸಾಲನ್ನು ಹಾಗೇ ಉಳಿಸಿದ್ದ. ಬೂಟು ತಲುಪುವ ಮೊದಲೇ ಅರ್ಕಾದಿ ಸತ್ತ.

ಈ ಏಪ್ರಿಲ್‌ನಲ್ಲಿ ಕಾಗದದ ಫೋಟೋ ತೆಗೆಯಬೇಕೆಂದು ಶಿಕ್ಷಣ ಇಲಾಖೆಯ ಕಚೇರಿಯವರು ಒಯ್ದರು. ವಾರ ಬಿಟ್ಟು ವಾಪಸು ಬಂತು. ನೋಡಲು ನನ್ನನ್ನೂ ಕರೆದುಕೊಂಡು ಹೋದ ಕಪಿತೊಲಿನಾ ಅರ್ಕಾದ್ಯೆವ್ನಾ ಗಾಜಿನ ಪೆಟ್ಟಿಗೆಯ ಮುಂದೆ ನಿಂತವರು ನಿಂತೇಬಿಟ್ಟರು.

"ರೋದ್ಯಾ, ಇದನ್ನ ಬಲಗಡೆಯಿಂದ ಮಡಿಸಿದ್ದು ಯಾರೋ?"

ರೋದ್ಯಾ ಎಂದರೆ ರೋದಿಯೋನ್, ಈಗ ಶಾಲೆಯ ಮುಖ್ಯೋಪಾಧ್ಯಾಯ, ಇವರ ಹಳೆಯ ಶಿಷ್ಯ. "ಒಳಗಿನ ಒಂದು ಅಕ್ಷರಾನೂ ಯಾರೂ ಮುಟ್ಟಿಲ್ಲ!" ಎಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ. ಇವರು ಕೇಳಿದ್ದು ಮಡಿಕೆಯ ಮಾತು ತಾನೆ?

ಪೆಟ್ಟಿಗೆ ತೆಗೆಸಿದರು. ಹಳದಿ ಕಾಗದ, ಅಪ್ಪನ ಅಕ್ಷರದಂತೆಯೇ ಅಕ್ಷರ. ಬೂಟಿನ ಸಾಲು ಮಾತ್ರ ಇಲ್ಲ.

"ಅಂಥ ಸಾಲೇ ಇರ್ಲಿಲ್ಲ, ಕಪಿತೊಲಿನಾ ಅರ್ಕಾದ್ಯೆವ್ನಾ. ವಯಸ್ಸಾಯ್ತಲ್ಲ, ನೆನಪು ಕೈಕೊಡುತ್ತೆ."

"ಕೈಕೊಟ್ಟಿದ್ದು ನನ್ನ ನೆನಪಲ್ಲ ಕಣೋ. ಅಪ್ಪನ ಕಾಗದ ಎಲ್ಲಿ?"

ಅವನು ಗಡಿಯಾರ ನೋಡಿಕೊಂಡ. ನನಗೆ ಮೈಯೆಲ್ಲ ಉರಿಯಿತು. ಕಳೆದ ಶರತ್ಕಾಲದಲ್ಲಿ ಈಗಿನ ಯುದ್ಧಕ್ಕೆಂದು ನನ್ನ ತಮ್ಮನಿಗೂ ಸೈನ್ಯದ ಕರೆ ಬಂದಿತ್ತು. ಅವನ ಬೂಟನ್ನು ಕೊಂಡು ಕಳಿಸಿದವರು ನಾವೇ. ಬೂಟಿನ ಮಾತು ಈಗ ಯಾರಿಗೆ ಚುಚ್ಚುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ ನಾನು ಬಾಯಿ ಬಿಡಲಿಲ್ಲ, ಅದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

ಅಂದಿನಿಂದ ನನ್ನ ಮೇಲೂ ಅವರಿಗೆ ಅನುಮಾನ. ಚಹಾಕ್ಕೆ ಕರೆದರೂ ಬರಲಿಲ್ಲ.

ಮೇ ಒಂಬತ್ತು, ಜರ್ಮನರನ್ನು ಸೋಲಿಸಿದ ವಿಜಯದಿನ. ಅಂದು ಬೆಳಿಗ್ಗೆ, ಅಪ್ಪನ ಭಾವಚಿತ್ರ ಹಿಡಿದು ಮಡಿದ ಸೈನಿಕರ ನೆನಪಿನ ಮೆರವಣಿಗೆಗೆ ಹೊರಟವರು ನಮ್ಮ ಬಾಗಿಲಲ್ಲಿ ನಿಂತು ಕಾಲು ಚಾಚಿದರು. ಬೆನ್ನು ಬಗ್ಗುವುದಿಲ್ಲ, ಬೂಟಿನ ದಾರ ಕಟ್ಟಬೇಕಿತ್ತು. ಕಟ್ಟುವಾಗ ಒಳಗೊಂದು ಕಾಗದ ಕೈಗೆ ತಗುಲಿತು. ತ್ರಿಕೋನ. ಎಡಗಡೆಯಿಂದ ಮಡಿಸಿದ್ದು.

"ಅದೇ ಸಾಲು, ನಾನೇ ಬರ್ಕೊಂಡೆ."

"ಕಾಲಿಗೆ ಒತ್ತಲ್ವಾ?"

"ಒತ್ತಲಿ ಬಿಡೇ. ಒತ್ತಿದ್ರೆ ಮರೆಯಲ್ಲ."