ಹಾಳೆಯಲ್ಲಿ ಇಲ್ಲದ ಕಪ್ಪೆ

ದಾಂಡೇಲಿಗೆ ಬಂದ ಮೊದಲ ಮಳೆಗಾಲ. ಪಕ್ಕದ ಮನೆಯ ಸುಲಭಾಬಾಯಿ ಕೈಗೊಂದು ಹಾಳೆ ಕೊಟ್ಟು, "ನಾಳೆ ಸಂಜಿಗೆ ಹಳ್ಳದ ಕಡೆ ಬರ್ರಿ, ಕಪ್ಪಿ ಕೂಗು ಕೇಳೂದೈತಿ" ಎಂದಾಗ, ಈ ಊರಿನವರಿಗೆ ತಲೆ ನೆಟ್ಟಗಿಲ್ಲ ಎಂದುಕೊಂಡೆ. ನವಲಗುಂದದ ಕಡೆ ನಾವು ಕಪ್ಪೆಯನ್ನು ನೆನೆಯುವುದು ಮಳೆ ಕೈಕೊಟ್ಟಾಗ ಮಾತ್ರ. ಹಿಡಿದು ತಂದು, ಅರಿಶಿನ ಹಚ್ಚಿ, ಮದುವೆ ಮಾಡಿ ಬಿಟ್ಟುಬಿಡುತ್ತೇವೆ. ಅದರ ಕೂಗನ್ನು ಯಾರೂ ಬರೆದಿಡುವುದಿಲ್ಲ.

ಗಂಡ ಮಿಲ್ಲಿಗೆ ಹೋದರೆ ಮನೆಯಲ್ಲಿ ನಾನೊಬ್ಬಳೇ. ಓಣಿಯ ಹೆಂಗಸರದು ಕೊಂಕಣಿ; ನಾನು ಬಾಯಿ ಬಿಟ್ಟರೆ ನಗು. ಬೇಸರ ಕಳೆಯಲು ಹೋದೆ. ಸುಲಭಾಬಾಯಿ ಜೋಯಿಡಾದವರು, ನಿವೃತ್ತ ಶಿಕ್ಷಕಿ. ಯಾವ ಕಪ್ಪೆ ಎಲ್ಲಿದೆ ಎಂದು ಲೆಕ್ಕ ಇಡಲು, ಬಂದ ಒಬ್ಬೊಬ್ಬರಿಗೆ ಹಳ್ಳದ ಒಂದೊಂದು ಜಾಗ ಹಂಚಿದ್ದರು. ಸದ್ದಿಲ್ಲದೆ ಕೂತು, ಕೇಳಿದ ಕಪ್ಪೆಯ ಹೆಸರಿನ ಮುಂದೆ ಗುರುತು, ಕೇಳದ್ದರ ಮುಂದೆ 'ಇಲ್ಲ'. ಒಂದೊಂದರ ಕೂಗನ್ನೂ ಅವರು ಬಾಯಲ್ಲೇ ಮಾಡಿ ತೋರಿಸಿದರು. ಅರ್ಧ ತಿಳಿಯಲಿಲ್ಲ. ಕೇಳಿದರೆ ಮತ್ತೆ ನಕ್ಕಾರು ಎಂದು ತಲೆಯಾಡಿಸಿಬಿಟ್ಟೆ.

ನನ್ನ ಪಾಲಿಗೆ ಬಂದದ್ದು ಬಿದಿರು ಮೆಳೆಯ ತಿರುವು. ಅಲ್ಲಿ ಪ್ರತಿ ವಾರವೂ 'ಟೊಕ್, ಟೊಕ್' ಎಂಬ ಸದ್ದು. ಕೊಡ ಹೊತ್ತು ಬೆಳೆದವಳು ನಾನು, ಎಲ್ಲಿ ನೀರು ಸೋರಿದರೂ ಕಿವಿ ಮೊದಲು ಅಲ್ಲಿಗೇ ಹೋಗುತ್ತದೆ. ನೀರು ತೊಟ್ಟಿಕ್ಕುತ್ತಿದೆ ಎಂದುಕೊಂಡು, ಹಾಳೆಯಲ್ಲಿದ್ದ ಕುಂಬಾರ ಕಪ್ಪೆಯ ಮುಂದೆ 'ಇಲ್ಲ' ಎಂದು ದುಂಡಗೆ ಬರೆದೆ. "ನಿಮ್ಮ ಹಾಳಿ ಭಾಳ ಚೊಕ್ಕ ಐತ್ರಿ" ಎಂದರು ಬಾಯಿ. ಈ ಊರಲ್ಲಿ ನನಗೆ ಸಿಕ್ಕ ಮೊದಲ ಶಹಭಾಸ್ ಅದು. ಆ ದಿನ ಹಿಗ್ಗಿಹೋಗಿದ್ದೆ.

ಬೇಸಿಗೆಯಲ್ಲಿ ಆ ತಿರುವಿಗೆ ಸಿಮೆಂಟ್ ಗೋಡೆ ಬರುತ್ತದೆಂದು ತಿಳಿಯಿತು. ಅಪರೂಪದ ಕಪ್ಪೆ ಇದೆಯೆಂದು ತೋರಿಸಿದರೆ ತಡೆಯಬಹುದು ಎಂದು ಬಾಯಿ ಎಲ್ಲರನ್ನೂ ಕೂಡಿಸಿ, ಬೇರೆ ಹಳ್ಳದಲ್ಲಿ ಹಿಡಿದ ಧ್ವನಿಯೊಂದನ್ನು ಮೊಬೈಲಿನಲ್ಲಿ ಕೇಳಿಸಿದರು. ಟೊಕ್, ಟೊಕ್.

"ಇದು ನೀರಿನ ಸಪ್ಪಳ ಅಲ್ಲೇನ್ರಿ?" ಎಂದೆ.

"ನೀರ ಅಲ್ರೀ, ಕುಂಬಾರ ಕಪ್ಪಿ. ತತ್ತಿಗೆ ಕೈಯಾಗ ಮಣ್ಣ ಮೆತ್ತತೈತಿ. ಯಾಕ, ನೀವು ಕೇಳಿದ್ರೇನು?"

"ವಾರಾ ವಾರಾ ಕೇಳೇನ್ರಿ! ಹಾಳಿ ಕೊಡ್ರಿ, ಈಗ ತಿದ್ದತೇನಿ."

ಬಾಯಿ ಹಾಳೆಗಳ ಕಟ್ಟನ್ನು ತಮ್ಮ ಕಡೆಗೆ ಎಳೆದುಕೊಂಡರು. "ಕೂತ ಜಾಗದಾಗ ಬರದದ್ದಷ್ಟ ಖರೇ ರೀ. ಈಗ ತಿದ್ದಿದ್ರ ಉಳಿದ ಹಾಳಿನೂ ಯಾರೂ ನಂಬಂಗಿಲ್ಲ."

ಹಳ್ಳ ಬತ್ತಿತ್ತು, ಮತ್ತೆ ಹೋಗಿ ಕೇಳುವಂತಿರಲಿಲ್ಲ. ಮಳೆ ಬರುವಷ್ಟರಲ್ಲಿ ಗೋಡೆ ಎದ್ದಿತ್ತು. ಈ ವರ್ಷವೂ ಅಲ್ಲೇ ಕೂರುತ್ತಿದ್ದೇನೆ. ಉಳಿದ ಕಪ್ಪೆಗಳು ವಟಗುಟ್ಟುತ್ತವೆ, ಅದೊಂದು ಇಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಾಯಿ ಬೈಯಲಿಲ್ಲ, ಈಗಲೂ ಹಾಳೆ ಕೊಡುತ್ತಾರೆ.

ಫೋನಿನಲ್ಲಿ ಅವ್ವನಿಗೆ ಹೇಳಿದರೆ, "ಕಪ್ಪಿ ಸಲುವಾಗಿ ಅಳ್ತಿಯೇನ ಹುಚ್ಚಿ?" ಎಂದು ನಗುತ್ತಾಳೆ. ಅಲ್ಲಿಯವರಿಗೆ ಇದು ದುಃಖವೆಂದೇ ತಿಳಿಯುವುದಿಲ್ಲ. ತಿಳಿಯುವ ಇಲ್ಲಿಯವರ ಮುಂದೆ ಅಳಲು ನನಗೆ ಮುಖವಿಲ್ಲ. ನಿನ್ನೆ ಸಂಜೆಯೂ ಅದರ ಹೆಸರಿನ ಮುಂದೆ 'ಇಲ್ಲ' ಎಂದು ಬರೆದೆ. ಈ ಸಲ ಅದು ನಿಜ.