ಸಾಲು ತಪ್ಪದ ಉತ್ತರಗಳು

ಫೌಸ್ಟಿನ್ ಒಳ್ಳೆಯ ಮನುಷ್ಯ ಎನ್ನುವವರು ಕಲ್ಯಾಣಪುರದಲ್ಲಿ ಈಗಲೂ ಇದ್ದಾರೆ. ಹೇಳಿಕೊಳ್ಳಲಿ. ನನ್ನ ಸೋದರಮಾವ ಕಜೆಟನ್‌ಗೆ ಅವನು ಏನು ಮಾಡಿದ ಎಂಬುದು ನನಗೆ ಗೊತ್ತು.

ಇಬ್ಬರೂ ಕಾಪುವಿನ ಒಂದು ಶೆಡ್ಡಿನಲ್ಲಿ ಮೀನುಗಾರಿಕೆಯ ದೋಣಿಗಳ ಜಪಾನಿ ಇಂಜಿನ್ ರಿಪೇರಿ ಮಾಡುತ್ತಿದ್ದರು. ಮಾವನ ಮದುವೆಯಲ್ಲಿ ಮದುಮಗನ ಜೊತೆಗಾರನಾಗಿ ಪಕ್ಕಕ್ಕೆ ನಿಂತವನೂ ಫೌಸ್ಟಿನ್‌ನೇ. ೧೯೬೩ರಲ್ಲಿ ಒಂದು ಸುದ್ದಿ ಬಂತು: ಇಂಜಿನ್ ತರಬೇತಿಗೆ ಒಬ್ಬನನ್ನು ಆರು ತಿಂಗಳು ಜಪಾನಿಗೆ ಕಳಿಸುತ್ತಾರಂತೆ, ಸ್ವಲ್ಪ ಜಪಾನಿ ಮಾತು ಬರಬೇಕಂತೆ. ಹತ್ತು ವರ್ಷ ಮೈಗೆ ಮಸಿ ಬಳಿದುಕೊಂಡ ಮಾವನಿಗೆ ಆ ಇಂಜಿನ್ನುಗಳು ಹುಟ್ಟುವ ಜಾಗವನ್ನು ಒಮ್ಮೆ ನೋಡಬೇಕಿತ್ತು. ಬೇರೆ ಯಾವ ಆಸೆಯೂ ಅವರಿಗಿರಲಿಲ್ಲ.

ಫೌಸ್ಟಿನ್ ಮುಂಬಯಿಯಿಂದ ಜಪಾನಿ ಕಲಿಸುವ ಒಂದು ಪುಸ್ತಕ ತರಿಸಿದ. ಮಾವ ಅದನ್ನು ಇಡೀ ನಕಲು ಮಾಡಿಕೊಂಡರು. ಅದರಲ್ಲಿ ನಾಲ್ಕು ಪಾಠಕ್ಕೊಮ್ಮೆ ಪುನರಾವರ್ತನೆಯ ಪ್ರಶ್ನೋತ್ತರ ಇರುತ್ತಿತ್ತು. ಇಗರ್ಜಿಯ ಧರ್ಮಪಾಠದಲ್ಲಿ ಒಂದರಿಂದ ಐವತ್ತರವರೆಗೆ ಉತ್ತರಗಳನ್ನು ಸಾಲು ತಪ್ಪದೆ ಒಪ್ಪಿಸಿ ಬಹುಮಾನ ಪಡೆದವರು ನನ್ನ ಮಾವ. ಇದನ್ನೂ ಹಾಗೆಯೇ ಕಲಿತರು. ಪ್ರತಿ ಭಾನುವಾರ ಪೂಜೆ ಮುಗಿದ ಮೇಲೆ ಫೌಸ್ಟಿನ್ ಪುಸ್ತಕ ಹಿಡಿದು ಮೊದಲ ಪ್ರಶ್ನೆಯಿಂದ ಕೊನೆಯವರೆಗೆ ಕೇಳುತ್ತಿದ್ದ, ಮಾವ ನೀರು ಕುಡಿದಷ್ಟು ಸಲೀಸಾಗಿ ಹೇಳುತ್ತಿದ್ದರು.

"ನೂರಕ್ಕೆ ನೂರು, ಮಾರಾಯ" ಎನ್ನುತ್ತಿದ್ದ ಅವನು.

ಉಡುಪಿಯಲ್ಲಿ ಸಂದರ್ಶನ ನಡೆಯಿತು. ನಿನಗೊಂದು ಜೊತೆ ಇರಲಿ ಎನ್ನುತ್ತ ಫೌಸ್ಟಿನ್ ಕೂಡ ಹೆಸರು ಕೊಟ್ಟಿದ್ದ. ಜಪಾನಿನ ಇಂಜಿನಿಯರ್ ಮೇಜಿನ ಮೇಲಿದ್ದ ಸ್ಪ್ಯಾನರ್ ಎತ್ತಿ, ಇದೇನು ಎಂದು ಜಪಾನಿಯಲ್ಲಿ ಕೇಳಿದರು. ಮಾವನಿಗೆ ಮೊದಲಿನಿಂದ ಶುರುಮಾಡದೆ ಯಾವ ಉತ್ತರವೂ ಬಾಯಿಗೆ ಬರುತ್ತಿರಲಿಲ್ಲ. ಮೊದಲ ಪ್ರಶ್ನೆಯ ಉತ್ತರವನ್ನೇ, "ಇದು ಪುಸ್ತಕ" ಎಂದುಬಿಟ್ಟರು. ಅಲ್ಲಿದ್ದವರೆಲ್ಲ ನಕ್ಕರು. ಆಯ್ಕೆಯಾದವನು ಫೌಸ್ಟಿನ್.

ಆದರೂ ಮಾವ ಬಾಳೆಹಣ್ಣು ಹಿಡಿದುಕೊಂಡು ಗೆಳೆಯನ ಮನೆಗೆ ಹೋದರು. ಕುರಿ ನಂಬುವುದು ಕಟುಕನನ್ನೇ. ಫೌಸ್ಟಿನ್‌ನ ಹೆಂಡತಿ ಎಸ್ತರ್ ಕಾಫಿ ತಂದಿಟ್ಟು ಖುಷಿಯಿಂದ ಮಾತಿಗಿಳಿದಳು.

"ನನಗೂ ಕೆಲಸ ಕಡಿಮೆ ಇರಲಿಲ್ಲ, ಕಜೆಟನ್‌ಬಾಬ್. ಹಳೆಯ ಪಾಠ, ಹೊಸ ಪಾಠ ಎಲ್ಲದರ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ, ಕೈಗೆ ಸಿಕ್ಕಿದ್ದನ್ನು ಎತ್ತಿ ಇವರಿಗೆ ಕೇಳಬೇಕು. ತಪ್ಪಿದ್ದನ್ನು ಪುನಃ ಡಬ್ಬಿಗೆ ಹಾಕಬೇಕು. ಸಾಲಾಗಿ ಬಾಯಿಪಾಠ ಮಾಡಿದರೆ ಎಂತದೂ ಪ್ರಯೋಜನ ಇಲ್ಲ ಅಂತ ಇವರು ಮೊದಲ ವಾರವೇ ಹೇಳಿದ್ದಾರೆ."

ಮಾವ ಫೌಸ್ಟಿನ್ ಕಡೆಗೆ ತಿರುಗಿದರು.

"ನನಗೆ ನೀನು ಸಾಲಾಗಿಯೇ ಕೇಳಿದೆ, ಅಲ್ವಾ?" ಎಂದರು ಮಾವ.

"ನೀನು ಹಾಗೆ ಕಲಿಯುತ್ತಿದ್ದೆ. ನಾನು ಎಂತ ಮಾಡುವುದು?"

"'ನನಗೆ ಹೋಗಬೇಕು' ಅಂತ ನೀನು ಒಂದು ಮಾತು ಹೇಳಿದ್ದರೆ ನಾನು ಬಿಟ್ಟುಕೊಡುತ್ತಿದ್ದೆ."

ಮಾವ ಕಾಫಿ ಮುಟ್ಟದೆ ಎದ್ದು ಬಂದರು. ಮರುದಿನದಿಂದ ಕಾಪುವಿನ ಶೆಡ್ಡಿಗೆ ಹೋಗಲಿಲ್ಲ. ಕಾರ್ಕಳದ ಒಂದು ಬಸ್ ಗ್ಯಾರೇಜಿಗೆ ಸೇರಿ, ಅಲ್ಲಿಯೇ ವಯಸ್ಸು ಕಳೆದರು. ಆ ದಿನ ಅವರು ಹೇಳಿದ್ದು ಸಿಟ್ಟಿನ ಮಾತಲ್ಲ, ಖಂಡಿತ ಬಿಟ್ಟುಕೊಡುತ್ತಿದ್ದರು. ಫೌಸ್ಟಿನ್‌ಗೂ ಅದು ಗೊತ್ತಿತ್ತು. ನನ್ನ ಹೊಟ್ಟೆ ಉರಿಯುವುದು ಅದಕ್ಕೇ.